ಬಣ್ಣ ಬಳಿದ ಬಿಡಿಭಾಗಕ್ಕೆ ಅಳಿಯದ ನಂಬರ್

ಹೈ ಸೆಕ್ಯುರಿಟಿ ನಂಬರ್ ಪ್ಲೇಟಿನ ಎಡ ಕೆಳಮೂಲೆಯನ್ನು ಬಗ್ಗಿ ನೋಡಿದರೆ ಸಣ್ಣ ಅಕ್ಷರ, ಅಂಕಿಗಳ ಸಾಲೊಂದು ಕಾಣುತ್ತದೆ. ಅದು ಶಾಯಿಯ ಬರಹವಲ್ಲ. ಪ್ಲೇಟಿನ ಹೊಳೆಯುವ ಹಾಳೆಯ ಮೇಲೆ ಲೇಸರ್ ಮೂಡಿಸಿದ ಗುರುತು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಈ ಪ್ಲೇಟ್ ಇರಬೇಕೆಂದು ರಾಜ್ಯ ಸರ್ಕಾರ 2023ರಲ್ಲಿ ಹೇಳಿದ ಮೇಲೆ, ಹಳ್ಳಿಯ ಹಳೇ ಗಾಡಿಗಳಿಗೂ ಲೇಸರ್ ಗುರುತು ಬಂತು.

ಇದೇ ಕೆಲಸ ಕಲ್ಟಿವೇಟರ್, ಟ್ರೇಲರ್, ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಗೂ ಮಾಡಿಸಬಹುದು. ನಾಗಮಂಗಲ, ಬೆಳ್ಳೂರು, ಪಾಂಡವಪುರದ ಕಡೆ ಇಂಥವನ್ನು ವೆಲ್ಡ್ ಮಾಡಿ ಬಣ್ಣ ಹೊಡೆದು ಮಾರುವವರು ಸಾಮಾನ್ಯವಾಗಿ ಸ್ಟಿಕ್ಕರ್ ಅಂಟಿಸುತ್ತಾರೆ, ಇಲ್ಲವೇ ತಗಡಿಗೆ ರಿವೆಟ್ ಹೊಡೆಯುತ್ತಾರೆ. ಬಿಸಿಲು, ಡೀಸೆಲ್, ಗದ್ದೆಯ ಕೆಸರು ಸೇರಿದರೆ ಸ್ಟಿಕ್ಕರ್ ಸುಲಿಯುತ್ತದೆ. ತಗಡನ್ನು ಒಂದು ಸ್ಕ್ರೂಡ್ರೈವರ್ ಹಾಕಿ ಎಬ್ಬಿದರೆ ಮುಗಿಯಿತು. ಕಳುವಾದ ಮಾಲು ಸಿಕ್ಕಾಗ ಅದು ತನ್ನದೆಂದು ತೋರಿಸಲು ರೈತನ ಬಳಿ ಏನೂ ಉಳಿಯುವುದಿಲ್ಲ.

ಮೊದಲು ನೋಡಬೇಕಾದದ್ದು ಯಂತ್ರವನ್ನಲ್ಲ, ಬಣ್ಣದ ಪದರಗಳನ್ನು. ಪೌಡರ್ ಕೋಟಿಂಗ್ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಲೇಸರ್ ಕಿರಣ ಆ ಪದರವನ್ನು ಆವಿ ಮಾಡಿ ಕೆಳಗಿನದನ್ನು ತೋರಿಸುತ್ತದೆ. ಕೆಳಗೆ ಬರೀ ಉಕ್ಕಿದ್ದರೆ ಅಕ್ಷರ ಚೆನ್ನಾಗಿ ಹೊಳೆಯುತ್ತದೆ, ಆದರೆ ಮಳೆ ಬಿದ್ದ ಮೇಲೆ ಅಲ್ಲಿಂದಲೇ ತುಕ್ಕು ಶುರುವಾಗಿ ಬಣ್ಣದ ಅಡಿಗೆ ಹರಿಯುತ್ತದೆ. ಹಾಗಾಗಿ ಕೆಳಗೆ ಕಪ್ಪು ಪ್ರೈಮರ್, ಮೇಲೆ ತಿಳಿಬಣ್ಣ, ಲೇಸರ್ ತೆಗೆಯುವುದು ಮೇಲಿನದನ್ನು ಮಾತ್ರ: ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಪ್ರೈಮರ್ ಇಲ್ಲದ ಮಾಲಿಗೆ, ಬಣ್ಣಕ್ಕೆ ಮೊದಲೇ ಲೋಹದಲ್ಲಿ ಆಳವಾಗಿ ಕೊರೆಸಿ ಮೇಲೆ ಬಣ್ಣ ಹೊಡೆಯುವುದು ಕ್ಷೇಮ. ಬಣ್ಣ ತುಂಬಿಕೊಂಡರೂ ಓದಲು ಬರುವಷ್ಟು ಆಳ ಇರಬೇಕು.

ಇನ್ನು ಲೇಸರ್ ಆಯ್ಕೆ. ಭಾರತದಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ಕಾರ್ಬನ್ ಡೈಆಕ್ಸೈಡ್ ಲೇಸರ್ ಬಣ್ಣ ತೆಗೆಯಲು ಬಹಳ ಅನುಕೂಲ. ಅದರ 10.6 ಮೈಕ್ರಾನ್ ತರಂಗವನ್ನು ಬಣ್ಣದ ರಾಳ ಹೀರಿಕೊಳ್ಳುತ್ತದೆ, ಲೋಹ ಬಹುಪಾಲು ಹಿಂದಕ್ಕೆ ಎಸೆಯುತ್ತದೆ. ಆದ್ದರಿಂದ ಬಣ್ಣ ಹೋಗುತ್ತದೆ, ಉಕ್ಕಿಗೆ ಪೆಟ್ಟಾಗುವುದಿಲ್ಲ. ಲೋಹವನ್ನೇ ಕೊರೆಯಬೇಕಾದರೆ 1064 ನ್ಯಾನೋಮೀಟರಿನ ಫೈಬರ್ ಲೇಸರ್ ಬೇಕು. ಬಿಳಿ ಬಣ್ಣವನ್ನು ತೆಗೆಯದೆ ಅದರ ಮೇಲೇ ಕಪ್ಪಗೆ ಬರೆಯಲು 355 ನ್ಯಾನೋಮೀಟರಿನ ಯುವಿ ಲೇಸರ್ ಇದೆ, ಬೆಲೆ ಮಾತ್ರ ಹೆಚ್ಚು.

ಸಣ್ಣ ವರ್ಕ್‌ಶಾಪಿನವರು ಯಂತ್ರ ಕೊಳ್ಳುವ ಅವಸರ ಮಾಡಬಾರದು. ಬೆಳ್ಳೂರು ಕ್ರಾಸ್‌ನಿಂದ ಹೆದ್ದಾರಿ 75 ಹಿಡಿದು ನೆಲಮಂಗಲ ದಾಟಿದರೆ ಪೀಣ್ಯ. ಅಲ್ಲಿ ಲೇಸರ್ ಮಾರ್ಕಿಂಗ್ ಜಾಬ್ ವರ್ಕ್ ಮಾಡಿಕೊಡುವವರಿದ್ದಾರೆ. ಹೋಗುವಾಗ ಮಾಲಿಗೆ ಹೊಡೆದ ಅದೇ ಬಣ್ಣದ, ಅದೇ ಒಲೆಯಲ್ಲಿ ಬೇಯಿಸಿದ ತುಂಡುಗಳನ್ನು ಒಯ್ಯಬೇಕು. ಒಂದೇ ತುಂಡಿನ ಮೇಲೆ ಅಡ್ಡಸಾಲಿಗೊಂದು ವೇಗ, ಕಂಬಸಾಲಿಗೊಂದು ಶಕ್ತಿ ಇಟ್ಟು ಪುಟ್ಟ ಚೌಕಗಳನ್ನು ಹೊಡೆಸಿ, ಭೂತಕನ್ನಡಿ ಹಿಡಿದು ನೋಡಬೇಕು. ಅಂಚು ಹಳದಿಗಟ್ಟಿದ್ದರೆ ಬಣ್ಣ ಸುಟ್ಟಿದೆ. ಕಪ್ಪು ಪ್ರೈಮರಿನ ನಡುವೆ ಬೆಳ್ಳಿಯಂಥ ಚುಕ್ಕಿ ಮಿನುಗಿದರೆ ಕಿರಣ ಲೋಹ ಮುಟ್ಟಿದೆ. ಬೆರಳಿಗೆ ಪುಡಿ ಹತ್ತಿದರೆ ಮೇಲಿನ ಪದರ ಪೂರ್ತಿ ಹೋಗಿಲ್ಲ. ಇವು ಮೂರೂ ಇಲ್ಲದ ಚೌಕದ ಲೆಕ್ಕವನ್ನೇ ಬರೆದಿಟ್ಟುಕೊಳ್ಳಬೇಕು. ಬಣ್ಣದ ಕಂಪನಿ ಬದಲಾದರೆ ಪರೀಕ್ಷೆ ಮತ್ತೆ ಮೊದಲಿನಿಂದ.

ಬರೆಯುವುದೇನನ್ನು? ಕ್ರಮಸಂಖ್ಯೆ, ತಯಾರಾದ ತಿಂಗಳು, ವರ್ಷ ಸಾಕು. ವಾಹನಗಳ 17 ಅಕ್ಷರಗಳ ಗುರುತಿನಲ್ಲಿ ಐ, ಒ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುವುದಿಲ್ಲ, ಒಂದು ಮತ್ತು ಸೊನ್ನೆಯೊಂದಿಗೆ ಗೊಂದಲ ಬೇಡವೆಂದು. ಅದನ್ನೇ ಇಲ್ಲಿಯೂ ಪಾಲಿಸಬಹುದು. ಪಕ್ಕದಲ್ಲಿ ಡೇಟಾ ಮ್ಯಾಟ್ರಿಕ್ಸ್ ಎಂಬ ಚೌಕದ ಕೋಡ್ ಇದ್ದರೆ, ಸ್ವಲ್ಪ ಭಾಗ ಕೆರೆದುಹೋದರೂ ಸ್ಕ್ಯಾನರ್ ಓದುತ್ತದೆ. ಜಾಗ ಹಗ್ಗ, ಸರಪಳಿ ಉಜ್ಜದ ಕಡೆ ಇರಲಿ.

ಮಾಲು ಹೊರಗೆ ಹೋಗುವ ಮೊದಲು ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ ಮತ್ತೆ ಸ್ಕ್ಯಾನ್ ಮಾಡಿ ನೋಡಬೇಕು. ಮಾದರಿ ತುಂಡೊಂದಕ್ಕೆ ಲ್ಯಾಬಿನಲ್ಲಿ ಉಪ್ಪುನೀರಿನ ಸಿಂಪಡಣೆ ಪರೀಕ್ಷೆ ಮಾಡಿಸಿದರೆ ತುಕ್ಕಿನ ಭಯ ಎಷ್ಟೆಂದು ಗೊತ್ತಾಗುತ್ತದೆ.

ಯಂತ್ರವನ್ನು ಸ್ವಂತಕ್ಕೇ ತಂದವರು ಕಣ್ಣು ಮತ್ತು ಉಸಿರಿನ ವಿಷಯದಲ್ಲಿ ರಾಜಿಯಾಗುವಂತಿಲ್ಲ. ಫೈಬರ್ ಲೇಸರಿನ ಕಿರಣ ಕಣ್ಣಿಗೆ ಕಾಣುವುದಿಲ್ಲ, ಆದರೆ ನೇರ ಅಕ್ಷಿಪಟಲಕ್ಕೆ ತಲುಪಿ ಅದನ್ನು ಸುಡುತ್ತದೆ. ವೆಲ್ಡಿಂಗ್ ಕನ್ನಡಕ ಅದಕ್ಕೆ ಸಾಲದು, ಆ ತರಂಗಕ್ಕೇ ತಯಾರಾದ ಕನ್ನಡಕ ಅಥವಾ ಪೂರ್ತಿ ಮುಚ್ಚಿದ ಪೆಟ್ಟಿಗೆ ಬೇಕು. ಹಳೆಯ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸ, ಕ್ರೋಮಿಯಂ ಇರಬಹುದು. ಪಿವಿಸಿ ಲೇಪನ ಸುಟ್ಟರೆ ಆಮ್ಲದ ಹೊಗೆ ಏಳುತ್ತದೆ. ಅಂಥ ಲೇಪನವನ್ನು ಲೇಸರಿಗೆ ಒಡ್ಡಲೇಬಾರದು. ಹೊಗೆ ಎಳೆದು ಸೋಸುವ ಯಂತ್ರವಿಲ್ಲದೆ, ಬಾಗಿಲು ತೆರೆದಿದೆ ಎಂಬ ಧೈರ್ಯದಲ್ಲಿ ಕೆಲಸಗಾರರನ್ನು ಅಲ್ಲಿ ಕೂರಿಸುವುದು ತಪ್ಪು.

ಕೊಂಡವರಿಗೂ ಒಂದು ಮಾತು ಹೇಳಿ ಕಳುಹಿಸಬೇಕು: ಮುಂದೆ ಮರುಬಣ್ಣ ಹೊಡೆಸುವಾಗ ನಂಬರಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಬಣ್ಣ ಒಣಗಿದ ಮೇಲೆ ಕಿತ್ತುಹಾಕಿ.