ಗುಳೆ ಹೋದವರ ಕೂಲಿ ಬಾಕಿ: ಕಾನೂನು ಏನು ಹೇಳುತ್ತದೆ?

ಪೇಟೆಯಲ್ಲಿ ವ್ಯಾಪಾರ ಬಿದ್ದಾಗ ಮಾಲೀಕರ ಬಾಯಲ್ಲಿ ಎರಡು ಮಾತು ಜೋಡಿಯಾಗಿ ಬರುತ್ತವೆ. ‘ನಾಳೆಯಿಂದ ಕೆಲಸ ಇಲ್ಲ’ ಎಂಬುದು ಒಂದು, ‘ಹಿಂದಿನ ಬಾಕಿ ಆಮೇಲೆ ನೋಡೋಣ’ ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳಲು ಕಾನೂನು ಕೆಲವು ಷರತ್ತು ಹಾಕಿ ಅವಕಾಶ ಕೊಟ್ಟಿದೆ. ಎರಡನೆಯದಕ್ಕೆ ಅವಕಾಶವೇ ಇಲ್ಲ. ಹಿಂಜರಿತ ಬಂತೆಂದು ಮಾಡಿಸಿಕೊಂಡ ಕೆಲಸದ ಕೂಲಿ ಮನ್ನಾ ಆಗುವುದಿಲ್ಲ. ಬಾಗಲಕೋಟೆ ಜಿಲ್ಲೆಯಿಂದ ಕೆಲಸ ಹುಡುಕಿ ಶಹರಕ್ಕೆ ಹೊರಟವರು ಬಸ್ಸು ಹತ್ತುವ ಮೊದಲೇ ಈ ವ್ಯತ್ಯಾಸ ತಿಳಿದಿರಬೇಕು. ಯಾಕೆಂದರೆ ನಮ್ಮ ಭಾಗದವರು ಬಹಳಷ್ಟು ಸಲ ಬಾಕಿಯನ್ನು ಅಲ್ಲೇ ಬಿಟ್ಟು ಊರಿಗೆ ಮರಳುತ್ತಾರೆ. ಕೇಳಲು ದಾರಿಯಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಬಾದಾಮಿ, ಹುನಗುಂದದ ಮಳೆಯಾಶ್ರಿತ ಹಳ್ಳಿಗಳಿಗೆ ಗುಳೆ ಹೊಸದಲ್ಲ. ಗೋವಾ, ಮಂಗಳೂರು, ಉಡುಪಿ, ಬೆಂಗಳೂರು, ಪುಣೆಯ ಕಟ್ಟಡಗಳಲ್ಲಿ ಗಾರೆ, ಸೆಂಟ್ರಿಂಗ್, ಕಲ್ಲು ಹೊರುವ ಕೆಲಸ ಮಾಡುವವರಲ್ಲಿ ನಮ್ಮವರು ಬಹಳ. ಆಲಮಟ್ಟಿ ಹಿನ್ನೀರಿಗೆ ಹೊಲ, ಮನೆ ಕೊಟ್ಟ ಕುಟುಂಬಗಳ ಮುಂದಿನ ಪೀಳಿಗೆಗೆ ನವನಗರದಲ್ಲಿ ಸೂರು ಸಿಕ್ಕರೂ ಬಿತ್ತಲು ಭೂಮಿ ಸಿಗಲಿಲ್ಲ. ಇಳಕಲ್ಲಿನಲ್ಲಿ ಸೀರೆಯ ಮಗ್ಗ ನಿಂತರೆ, ಕೆಂಪು ಗ್ರಾನೈಟಿನ ಬೇಡಿಕೆ ಕುಸಿದರೆ, ಅಲ್ಲಿನ ಹುಡುಗರೂ ಅದೇ ಬಸ್ಸು ಹತ್ತುತ್ತಾರೆ. 2020ರ ಮಾರ್ಚ್ 17ರಂದು ದೇಶದ ಸಂರಕ್ಷಿತ ಸ್ಮಾರಕಗಳೆಲ್ಲ ಮುಚ್ಚಿದಾಗ ಬಾದಾಮಿಯ ಗುಹೆಗಳು, ಪಟ್ಟದಕಲ್ಲು, ಐಹೊಳೆಯನ್ನು ನಂಬಿದ್ದ ಗೈಡು, ಆಟೊ, ಖಾನಾವಳಿಗಳ ದುಡಿಮೆಯೂ ನಿಂತಿತು. ಎಂಟು ದಿನಕ್ಕೆ, ಮಾರ್ಚ್ 25ರಿಂದ, ಲಾಕ್‌ಡೌನ್ ಬಂತು. ಆ ವರ್ಷದ ಮೇ ಮೊದಲ ವಾರದಲ್ಲಿ, ಕಟ್ಟಡ ಉದ್ಯಮಿಗಳ ಜೊತೆ ಸಭೆ ನಡೆದ ಬೆನ್ನಿಗೆ, ರಾಜ್ಯ ಸರ್ಕಾರ ವಲಸೆ ಕಾರ್ಮಿಕರನ್ನು ಅವರವರ ರಾಜ್ಯಕ್ಕೆ ಒಯ್ಯುವ ರೈಲುಗಳನ್ನೇ ರದ್ದು ಮಾಡಿಸಿತು. ಟೀಕೆ ಎದ್ದ ಮೇಲೆ ಮತ್ತೆ ಓಡಿಸಿತು. ಅದನ್ನು ನಾವು ಮರೆಯಬಾರದು. ಕಷ್ಟಕಾಲದಲ್ಲಿ ಕೂಲಿಕಾರನ ಅನುಕೂಲವನ್ನು ಎಲ್ಲರಿಗಿಂತ ಕೊನೆಗೆ ನೋಡುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೂಲಿಯ ಕಾನೂನು

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. 29 ಹಳೆಯ ಕಾಯ್ದೆಗಳ ಜಾಗಕ್ಕೆ ಇವು ಬಂದಿವೆ. ಬದಲಾವಣೆಯ ಈ ಹೊತ್ತಿನಲ್ಲಿ ಕಚೇರಿಯವರು ಹಳೆಯ ಕಾಯ್ದೆಯ ಹೆಸರು ಹೇಳಿದರೆ, ಹಳೆಯ ನಮೂನೆ ಕೊಟ್ಟರೆ ಗಾಬರಿಯಾಗಬೇಡಿ. ಹೊಸದಕ್ಕೆ ವಿರುದ್ಧವಲ್ಲದ ಹಳೆಯ ನಿಯಮಗಳು ಸದ್ಯಕ್ಕೆ ನಡೆಯುತ್ತವೆ.

ವೇತನ ಸಂಹಿತೆಯ ಪ್ರಕಾರ ದಿನಗೂಲಿಯನ್ನು ಆ ದಿನದ ಪಾಳಿ ಮುಗಿದಾಗ, ವಾರದ ಬಟವಾಡೆಯನ್ನು ವಾರದ ಕೊನೆಯ ಕೆಲಸದ ದಿನ, ತಿಂಗಳ ಪಗಾರವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಕೆಲಸದಿಂದ ತೆಗೆದರೆ, ನೀವೇ ಬಿಟ್ಟರೆ ಅಥವಾ ಕಂಪನಿಯೇ ಮುಚ್ಚಿದರೆ ಎರಡು ಕೆಲಸದ ದಿನದೊಳಗೆ ಪೂರ್ತಿ ಲೆಕ್ಕ ಚುಕ್ತಾ ಆಗಬೇಕು. ‘ದೀಪಾವಳಿಗೆ ಬಾ, ಕೊಡ್ತೀನಿ’ ಎನ್ನುವ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಹೆಚ್ಚುವರಿ ದುಡಿಮೆಗೆ ಕನಿಷ್ಠ ಎರಡು ಪಟ್ಟು ಕೂಲಿ. ಮುಂಗಡ, ದಂಡ, ಊಟ, ವಸತಿ ಎಂದು ಏನೇ ಮುರಿದರೂ ಒಟ್ಟು ಕಡಿತ ಕೂಲಿಯ ಅರ್ಧ ದಾಟುವಂತಿಲ್ಲ.

ಇದರಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು 59ನೇ ಕಲಂ. ಕೂಲಿ ಕೊಟ್ಟಿಲ್ಲ, ಕಡಿಮೆ ಕೊಟ್ಟಿದ್ದಾರೆ ಎಂದು ನೀವು ಅರ್ಜಿ ಹಾಕಿದರೆ, ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕನದು. ಹಾಗಾದರೆ ನಿಮ್ಮ ಪಾಲಿಗೆ ಉಳಿಯುವುದು ಇಂಥ ಕಡೆ, ಇಂಥವರ ಕೈಕೆಳಗೆ, ಇಷ್ಟು ದಿನ ದುಡಿದೆ ಎಂದು ತೋರಿಸುವುದು. ಅಷ್ಟನ್ನು ತೋರಿಸಲಾಗದೆಯೇ ನಮ್ಮವರ ಬಹಳಷ್ಟು ದೂರುಗಳು ಬಿದ್ದುಹೋಗುತ್ತವೆ. ಮೇಸ್ತ್ರಿಯ ಹೆಸರು ‘ಸಾಹೇಬ’ ಎಂದಷ್ಟೇ ಗೊತ್ತಿರುತ್ತದೆ, ಬಿಲ್ಡರ್ ಯಾರೆಂದು ಗೊತ್ತೇ ಇರುವುದಿಲ್ಲ.

ಆದ್ದರಿಂದ ದಾಖಲೆಯ ಕೆಲಸ ಮೊದಲ ದಿನವೇ ಶುರುವಾಗಬೇಕು. ಕಟ್ಟಡದ ಮುಂದಿನ ಬೋರ್ಡಿನ ಫೋಟೊ ತೆಗೆಯಿರಿ. ಬಿಲ್ಡರ್ ಹೆಸರು, ಲೈಸೆನ್ಸ್ ನಂಬರ್ ಅದರಲ್ಲೇ ಇರುತ್ತದೆ. ನಿಮ್ಮ ಹಾಜರಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಡಿ, ಸಾಧ್ಯವಾದರೆ ವಾರಕ್ಕೊಮ್ಮೆ ಮೇಸ್ತ್ರಿಯ ಸಹಿ ಹಾಕಿಸಿ. ಅವನು ಸಹಿ ಹಾಕದಿದ್ದರೆ ‘ಅಣ್ಣಾ, ಈ ವಾರ ನಂದು ಆರು ಹಾಜರಿ ಆತು’ ಎಂದು ಅವನಿಗೆ ವಾಟ್ಸಾಪ್ ಕಳಿಸಿ. ಅವನ ಉತ್ತರ, ದನಿ ಸಂದೇಶವಾದರೂ ಸರಿ, ಅಳಿಸಬೇಡಿ. ಫೋನ್‌ಪೇಯಲ್ಲಿ ಬಂದ ಖರ್ಚಿನ ದುಡ್ಡು, ಗೇಟ್ ಪಾಸು, ಊರಿನಿಂದ ಹೋದ ಬಸ್ ಟಿಕೆಟ್, ಜೊತೆಗೆ ದುಡಿದವರ ನಂಬರ್ ಎಲ್ಲವೂ ಸಾಕ್ಷಿಯೇ. ನೇಮಕಾತಿ ಪತ್ರ ಕೊಡುವುದು, ಪಗಾರದ ಚೀಟಿ ಕೊಡುವುದು ಈಗ ಕಾನೂನಿನ ಕಡ್ಡಾಯ. ಬಾಯಿ ಬಿಟ್ಟು ಕೇಳಿ. ಖಾಲಿ ಕಾಗದಕ್ಕೆ ಮಾತ್ರ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಒತ್ತಬೇಡಿ.

ಮೇಸ್ತ್ರಿ ಬಾಕಿ ಇಟ್ಟು ಓಡಿಹೋದರೆ? ಇದು ಜನ ನನ್ನನ್ನು ಕೇಳುವ ಸಾಮಾನ್ಯ ಪ್ರಶ್ನೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಪೂರ್ತಿ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು ಎಂದು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯ 55ನೇ ಕಲಂ ಹೇಳುತ್ತದೆ. ಬಿಲ್ಡರ್ ‘ನಾನು ಮೇಸ್ತ್ರಿಗೆ ಕೊಟ್ಟಾಗಿದೆ, ಅವನನ್ನ ಕೇಳ್ರಿ’ ಎಂದು ಕೈ ತೊಳೆದುಕೊಳ್ಳಲು ಬರುವುದಿಲ್ಲ.

ಅರ್ಜಿಗೆ ಮೂರು ವರ್ಷದ ಕಾಲಾವಕಾಶವಿದೆ. ಒಂದು ತಂಡದವರೆಲ್ಲ ಸೇರಿ ಒಂದೇ ಅರ್ಜಿ ಹಾಕಬಹುದು. ಹಾಗೆ ಮಾಡುವುದೇ ಒಳ್ಳೆಯದು, ಒಬ್ಬರಿಗೊಬ್ಬರು ಸಾಕ್ಷಿಯಾಗುತ್ತೀರಿ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಅರ್ಜಿ ವಿಚಾರಿಸುವ ಪ್ರಾಧಿಕಾರಕ್ಕಿದೆ. ಸಾಮಾನ್ಯವಾಗಿ ಅರ್ಜಿ ಹೋಗಬೇಕಾದದ್ದು ಕೆಲಸ ಮಾಡಿದ ಊರಿನ ಕಾರ್ಮಿಕ ಇಲಾಖೆಗೆ. ಮಂಗಳೂರಿನ ಬಾಕಿಗೆ ಮಂಗಳೂರು, ವಾಸ್ಕೋದ ಬಾಕಿಗೆ ಗೋವಾ. ಕರ್ನಾಟಕದೊಳಗಿನ ದೂರಿಗೆ 155214 ಕಾರ್ಮಿಕ ಸಹಾಯವಾಣಿ ಇದೆ.

ಕೆಲಸದಿಂದ ತೆಗೆದಾಗ

ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕದಲ್ಲಾಗಲಿ, ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಾಗಲಿ, ಒಂದು ವರ್ಷ ನಿರಂತರ ದುಡಿದವರನ್ನು ಕೆಲಸ ಕಡಿಮೆಯಾಯಿತು ಎಂದು ತೆಗೆಯುವುದಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಪಗಾರ ಕೊಡಬೇಕು. ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದನ್ನು ಒಂದು ವರ್ಷವೆಂದೇ ಎಣಿಸುತ್ತಾರೆ. ದಿನಕ್ಕೆ 600 ರೂಪಾಯಿಯಂತೆ ಆರು ವರ್ಷ ದುಡಿದವನ ಲೆಕ್ಕ ಹಾಕಿ ನೋಡಿ: ವರ್ಷಕ್ಕೆ 9,000, ಆರು ವರ್ಷಕ್ಕೆ 54,000. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ ಬೇರೆಯೇ ಬರಬೇಕು, ಅದೂ ಸುಮಾರು ಅಷ್ಟೇ ಆಗುತ್ತದೆ. ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕೆಂಬುದು ಸಾಮಾನ್ಯ ನಿಯಮ. ಒಂದು ವರ್ಷದೊಳಗೆ ಮತ್ತೆ ಆಳು ಬೇಕಾದರೆ ತೆಗೆದವರಿಗೇ ಮೊದಲ ಆದ್ಯತೆ.

ಈ ಹಣ ಉಳಿಸಿಕೊಳ್ಳಲು ಕೆಲವರು ಹೂಡುವ ಉಪಾಯ ಒಂದಿದೆ. ‘ರಾಜೀನಾಮೆ ಬರೆದು ಕೊಡು, ನಿನ್ನ ಹೆಸರು ಕೆಡೋದಿಲ್ಲ’ ಎನ್ನುತ್ತಾರೆ. ನೀವಾಗಿಯೇ ಬಿಟ್ಟಿರಿ ಎಂದು ಕಾಗದ ಹೇಳಿದರೆ ಮೇಲಿನ ಪರಿಹಾರ ಕೇಳುವುದು ಕಷ್ಟ. ಬಿಡಲು ಮನಸ್ಸಿಲ್ಲದಿದ್ದರೆ ಬರೆದುಕೊಡಬೇಡಿ. ‘ಕೆಲಸವಿಲ್ಲವೆಂದು ತೆಗೆದಿದ್ದೇವೆ’ ಎಂದು ಅವರಿಂದಲೇ ಬರೆಸಿಕೊಳ್ಳಿ. ಒಪ್ಪದಿದ್ದರೆ ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿಗೆ ಅರ್ಜಿ ಕೊಡಿ. 45 ದಿನದಲ್ಲಿ ಬಗೆಹರಿಯದಿದ್ದರೆ ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು. ಇಲ್ಲಿ ಗಡುವು ಎರಡೇ ವರ್ಷ.

ಪಗಾರದಲ್ಲಿ ಇಎಸ್‌ಐ ಮುರಿಯುತ್ತಿದ್ದರೆ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯ ಬಗ್ಗೆ ಇಎಸ್‌ಐ ಶಾಖೆಯಲ್ಲಿ ಕೇಳಿ. ಕೆಲಸ ಹೋದವರಿಗೆ ಸರಾಸರಿ ದಿನಗೂಲಿಯ ಅರ್ಧವನ್ನು ಗರಿಷ್ಠ 90 ದಿನ, ಜೀವಮಾನದಲ್ಲಿ ಒಮ್ಮೆ ಕೊಡುವ ಯೋಜನೆ ಅದು. ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದಿದ್ದಾರೆ, ಹಾಗಾಗಿ ತಡಮಾಡಬೇಡಿ. ಪಿಎಫ್‌ನ ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ; ಕಂಪನಿ ಬದಲಾದರೂ ಅದು ಬದಲಾಗುವುದಿಲ್ಲ.

ಬೆಂಗಳೂರಿನಲ್ಲಿ ಬೈಕ್ ಮೇಲೆ ಊಟ, ಸಾಮಾನು ತಲುಪಿಸುವ ಹುಡುಗರಿಗೆ 2025ರಲ್ಲಿ ರಾಜ್ಯವೇ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ. ಕಾರಣವನ್ನು ಲಿಖಿತವಾಗಿ ತಿಳಿಸಿ 14 ದಿನ ಮುಂಚೆ ನೋಟಿಸ್ ಕೊಡದೆ ಐಡಿ ಕಿತ್ತುಹಾಕುವಂತಿಲ್ಲ.

ಮುಂಗಡ, ಏಜೆಂಟ್, ಅಪಘಾತ

ಕೆಲಸ ಸಿಗದ ಕಾಲದಲ್ಲಿ ಮುಂಗಡದ ಆಸೆ ಹೆಚ್ಚು. ಇಟ್ಟಂಗಿ ಭಟ್ಟಿಗೆ, ಕಬ್ಬು ಕಡಿಯುವ ಗ್ಯಾಂಗಿಗೆ ಗಂಡ ಹೆಂಡತಿ ಜೋಡಿಯಾಗಿ ಮುಂಗಡ ಹಿಡಿದು ಹೋಗುತ್ತಾರೆ. ಮುಂಗಡ ಪಡೆಯುವುದು ತಪ್ಪಲ್ಲ. ಆದರೆ ‘ತೀರಿಸುವ ತನಕ ಊರಿಗೆ ಹೋಗಬೇಡ’ ಎಂದು ಕೂಡಿಹಾಕುವುದು, ಬೇರೆ ಕಡೆ ದುಡಿಯಲು ಬಿಡದಿರುವುದು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ಹಾಗೆ ಕಟ್ಟಿಹಾಕಿದ ಸಾಲವನ್ನು ತೀರಿಸುವ ಹೊಣೆಯನ್ನೇ ಆ ಕಾಯ್ದೆ ಅಳಿಸುತ್ತದೆ. ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ಪೊಲೀಸರಿಗೆ ಊರಲ್ಲಿರುವ ಸಂಬಂಧಿಕರೂ ದೂರು ಕೊಡಬಹುದು. ಬಿಡುಗಡೆಯಾದವರಿಗೆ ತಕ್ಷಣದ ನೆರವಾಗಿ 30,000 ರೂಪಾಯಿವರೆಗೆ ಸಿಗಬೇಕು.

ಕೆಲಸ ಕೊಡಿಸುತ್ತೇನೆಂದು ನೋಂದಣಿ ಶುಲ್ಕ, ಯೂನಿಫಾರ್ಮ್ ಶುಲ್ಕ ಕೇಳಿ ನಾಪತ್ತೆಯಾಗುವವರು ಹಿಂಜರಿತದಲ್ಲಿ ಹೆಚ್ಚುತ್ತಾರೆ. ನವನಗರದ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ನೋಂದಣಿಗೆ ದುಡ್ಡಿಲ್ಲ. ಮೋಸ ಬೆಂಗಳೂರಿನಲ್ಲಿ ನಡೆದಿದ್ದರೂ ದೂರನ್ನು ಇಳಕಲ್ ಠಾಣೆಯಲ್ಲೇ ಕೊಡಬಹುದು. ‘ನಮ್ಮ ಹದ್ದಿಗೆ ಬರಂಗಿಲ್ಲ’ ಎಂದು ತಿರುಗಿಸಿ ಕಳಿಸುವಂತಿಲ್ಲ. ದುಡ್ಡು ಆನ್‌ಲೈನ್‌ನಲ್ಲಿ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಇಲ್ಲಿ ಒಂದೊಂದು ಗಂಟೆಯೂ ಮುಖ್ಯ.

ಕೆಲಸದಲ್ಲಿ ಬಿದ್ದು ಪೆಟ್ಟಾದರೆ ಅಥವಾ ಸಾವಾದರೆ ಪರಿಹಾರದ ಅರ್ಜಿಯನ್ನು ಗೋವಾದಲ್ಲೇ ಹಾಕಬೇಕೆಂದಿಲ್ಲ. ಗಾಯಗೊಂಡವರಾಗಲಿ ಅವರ ಅವಲಂಬಿತರಾಗಲಿ ತಾವು ವಾಸಿಸುವ ಊರಿನ ವ್ಯಾಪ್ತಿಯಲ್ಲೇ, ಎರಡು ವರ್ಷದೊಳಗೆ ಹಾಕಬಹುದು. ಕೂಲಿ ಬಾಕಿಗಿಲ್ಲದ ಈ ಅನುಕೂಲ ಎಷ್ಟೋ ವಿಧವೆಯರಿಗೆ ಗೊತ್ತಿಲ್ಲ. ಆಸ್ಪತ್ರೆಯ ಕಾಗದ, ಅಲ್ಲಿನ ಪೊಲೀಸ್ ದೂರಿನ ಪ್ರತಿ ತರದೆ ಶವದೊಂದಿಗೆ ಊರಿಗೆ ಮರಳಬೇಡಿ. ಆ ಹೊತ್ತಿನಲ್ಲಿ ಇದನ್ನು ನೆನಪಿಡುವುದು ಎಷ್ಟು ಕಠಿಣವೆಂದು ಬಲ್ಲೆ, ಆದರೂ ಹೇಳಲೇಬೇಕು.

ಹೊರಡುವ ಮುಂಚೆ, ಮರಳಿದ ಮೇಲೆ

2021ರ ಜೂನ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅಸಂಘಟಿತ ಕಾರ್ಮಿಕರ ನೋಂದಣಿಗೂ ‘ಒಂದು ದೇಶ, ಒಂದು ಪಡಿತರ ಚೀಟಿ’ಗೂ ಗಡುವು ಹಾಕಿತು. ಅದರ ಬೆನ್ನಿಗೆ ಬಂದದ್ದು ಇ-ಶ್ರಮ್ ಕಾರ್ಡ್. ಆಧಾರ್ ಜೋಡಿಸಿದ ಪಡಿತರ ಚೀಟಿಯ ಮೇಲೆ ಗೋವಾದಲ್ಲಿದ್ದವರು ತಮ್ಮ ಪಾಲನ್ನು ಅಲ್ಲಿ, ಊರಲ್ಲಿದ್ದ ಅವ್ವ ತನ್ನ ಪಾಲನ್ನು ಇಲ್ಲಿ ಪಡೆಯಬಹುದು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲಿ. ಬೇರೆ ರಾಜ್ಯಕ್ಕೆ ಹೋಗಿ, ತಿಂಗಳಿಗೆ 18,000 ರೂಪಾಯಿವರೆಗೆ ಪಡೆಯುವವರಿಗೆ, ಹತ್ತು ಅಥವಾ ಹೆಚ್ಚು ಅಂತರರಾಜ್ಯ ವಲಸೆ ಕಾರ್ಮಿಕರಿರುವ ಕಡೆ, ಊರಿಗೆ ಹೋಗಿಬರುವ ಖರ್ಚನ್ನೂ ಮಾಲೀಕ ಕೊಡಬೇಕು. ಅದಕ್ಕೂ ಮೊದಲು ನಿಗದಿತ ದಿನ ದುಡಿದಿರಬೇಕು. ಇಳಕಲ್ಲಿನಿಂದ ಪಣಜಿಗಿಂತ ದೂರವಿರುವ ಮಂಗಳೂರಿಗೆ ಹೋದವರಿಗೆ ಈ ಹಕ್ಕಿಲ್ಲ. ರಾಜ್ಯದೊಳಗಿನ ಗುಳೆಗೂ ಇದನ್ನು ವಿಸ್ತರಿಸಬೇಕೆಂದು ಕೇಳುವುದು ನ್ಯಾಯವೇ.

ಬರಿಗೈಲಿ ಮರಳಿದವರು ಗ್ರಾಮ ಪಂಚಾಯಿತಿಗೆ ನಮೂನೆ 6ರಲ್ಲಿ ಕೆಲಸ ಕೇಳಿ, ತಾರೀಖು ಹಾಕಿದ ಸ್ವೀಕೃತಿ ಪಡೆಯಿರಿ. 2005ರ ಉದ್ಯೋಗ ಖಾತರಿ ಕಾಯ್ದೆ 100 ದಿನ ಎನ್ನುತ್ತದೆ. ಅದರ ಜಾಗಕ್ಕೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ 125 ದಿನ ಎನ್ನುತ್ತದೆ. ಯಾವುದೇ ಇರಲಿ, 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೇಳಲು ಆ ಸ್ವೀಕೃತಿ ಬೇಕೇ ಬೇಕು. ಓದು ಮುಗಿದು ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರು ಯುವನಿಧಿಯಲ್ಲಿ 3,000, ಡಿಪ್ಲೊಮಾದವರು 1,500 ರೂಪಾಯಿಗೆ ಅರ್ಜಿ ಹಾಕಬಹುದು. ಗರಿಷ್ಠ ಎರಡು ವರ್ಷ.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಸುಮ್ಮನೆ ಕೂರಬೇಡಿ. ಬಾಗಲಕೋಟೆಯ ನ್ಯಾಯಾಲಯ ಸಂಕೀರ್ಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಬಾದಾಮಿ, ಹುನಗುಂದದಲ್ಲಿ ತಾಲೂಕು ಸಮಿತಿಗಳಿವೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಾರ್ಖಾನೆಯಂಥ ಕಡೆ ದುಡಿಯುವ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಉಳಿದವರಿಗೆ ಆದಾಯದ ಮಿತಿ ಇದೆ. ಗೋವಾದಲ್ಲೋ ಪುಣೆಯಲ್ಲೋ ಬಾಕಿ ಉಳಿದಿದ್ದರೆ ಅಲ್ಲಿನ ಪ್ರಾಧಿಕಾರಕ್ಕೆ ಬರೆಯುವಂತೆ ಇಲ್ಲಿಯೇ ಕೇಳಿಕೊಳ್ಳಿ. ಫೋನಿನಲ್ಲಾದರೆ 15100. ಹೋಗುವಾಗ ಹಾಜರಿಯ ನೋಟ್‌ಬುಕ್, ಬೋರ್ಡಿನ ಫೋಟೊ, ಆಧಾರ್ ಪ್ರತಿ ಜೊತೆಗಿರಲಿ. ಕೊಟ್ಟ ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡೇ ಹೊರಗೆ ಬನ್ನಿ.