ಗುಳಿಗೆ ಬಿಟ್ಟ ಮೇಲಿನ ದಿನಗಳು

ಹಳೇ ಹುಬ್ಬಳ್ಳಿಯ ಸಹೋದರಿಯೊಬ್ಬರ ಮನೆಯಲ್ಲಿ ಕೇಳಿದ ಮಾತಿದು. "ಗುಳಿಗಿ ಬಿಟ್ಟು ನಾಕ್ ತಿಂಗಳಾತು, ಇನ್ನೂ ಏನ್ ನಿಂದು?" ಎಂದು ಪತಿ ಕೇಳುತ್ತಾರೆ. "ನಮಾಝಿನ್ಯಾಗ ಮನಸಿಲ್ಲ, ಅದಕ್ಕ ಹಿಂಗಾಗೇತಿ" ಎಂದು ಅತ್ತೆ ಹೇಳುತ್ತಾರೆ. ಆಕೆಗೋ ನಿದ್ದೆಯಿಲ್ಲ, ಕಿವಿಯಲ್ಲಿ ಗುಂಯ್ ಎಂಬ ಸದ್ದು, ಅಂಗೈಯಲ್ಲಿ ಜುಮುಜುಮು. ಎಲ್ಲಕ್ಕಿಂತ ಮಿಗಿಲಾಗಿ, ತನ್ನ ಈಮಾನ್ ದುರ್ಬಲವಾಯಿತೇ ಎಂಬ ಅಳುಕು.

ಈಮಾನಿಗೂ ಇದಕ್ಕೂ ಸಂಬಂಧವಿಲ್ಲ. ಅಲ್ಪ್ರಜೋಲಾಂ, ಕ್ಲೋನಜೆಪಾಂ, ಡಯಜೆಪಾಂ ಮುಂತಾದ ಗುಳಿಗೆಗಳು ಮೆದುಳಿನ ಉದ್ವೇಗವನ್ನು ತಗ್ಗಿಸುವ 'ಗಾಬಾ' ಎಂಬ ರಾಸಾಯನಿಕಕ್ಕೆ ಬಲ ಕೊಡುತ್ತವೆ. ತಿಂಗಳುಗಟ್ಟಲೆ ಸೇವಿಸಿದಾಗ ಮೆದುಳು ಆ ಹೊರಗಿನ ಬಲಕ್ಕೆ ಒಗ್ಗಿಹೋಗುತ್ತದೆ. ಗುಳಿಗೆ ನಿಂತ ಮೇಲೆ ಅದು ಮತ್ತೆ ತನ್ನ ಕಾಲ ಮೇಲೆ ನಿಲ್ಲಬೇಕು. ಹೆಚ್ಚಿನವರಿಗೆ ಕೆಲವು ವಾರ ಸಾಕು. ಕೆಲವರಿಗೆ ಹಲವು ತಿಂಗಳು, ವರ್ಷಕ್ಕೂ ಮಿಕ್ಕಿ ಬೇಕಾಗುತ್ತದೆ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ 1982ರಿಂದ 1994ರ ತನಕ ಇಂಥವರಿಗೆಂದೇ ಚಿಕಿತ್ಸಾಲಯ ನಡೆಸಿದ ಡಾ. ಹೆದರ್ ಆಶ್ಟನ್ ಕಂಡಂತೆ, ತೊಂದರೆ ಅಲೆಯಂತೆ ಬಂದು ಹೋಗುತ್ತದೆ. ನಾಲ್ಕು ದಿನ ಹಗುರ, ಮತ್ತೆರಡು ದಿನ ಭಾರ. ಭಾರದ ದಿನ ಬಂದೊಡನೆ ಹಳೆಯ ರೋಗ ಮರಳಿತೆಂದು ಹೆದರಬೇಕಿಲ್ಲ. ಅದನ್ನು ನಿರ್ಧರಿಸುವುದು ವೈದ್ಯರ ಕೆಲಸ. ಪಕ್ಕದ ಮನೆಯವರ ಗುಳಿಗೆಯನ್ನು ಅರ್ಧ ಮುರಿದು ನುಂಗುವುದಂತೂ ಸಲ್ಲದು. 2013ರಲ್ಲಿ ನಮ್ಮ ಸರಕಾರ ಇಂಥ ಹಲವು ಔಷಧಗಳನ್ನು 'ಎಚ್-1' ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ.

ಇನ್ನೂ ಸೇವಿಸುತ್ತಿರುವವರಿಗೊಂದು ಮಾತು. ರಮಝಾನ್ ಬಂತೆಂದು ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬೇಡಿರಿ. ಮೂರ್ಛೆ ಬರಬಹುದು, ಪ್ರಾಣಕ್ಕೂ ಅಪಾಯ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಮಾತ್ರ ಇಳಿಸುತ್ತ ಬರುತ್ತಾರೆ. ಸಹ್‌ರಿ-ಇಫ್ತಾರ್‌ಗೆ ಹೊಂದುವಂತೆ ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನೇ ಕೇಳಿರಿ. ರೋಗಿಗೆ ಉಪವಾಸವನ್ನು ಮುಂದೂಡುವ ರಿಯಾಯಿತಿ ಕೊಟ್ಟವನು ಅಲ್ಲಾಹನೇ (ಅಲ್ ಬಕರ: 185). ಅವನ ರಿಯಾಯಿತಿಯನ್ನು ಕಸಿಯಲು ನಾವು ಯಾರು?

ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಆರಂಭವಾದ ಮನೋರೋಗಿಗಳ ಆಸ್ಪತ್ರೆ ಇಂದು 'ಡಿಮ್ಹಾನ್ಸ್' ಆಗಿದೆ. ಅಲ್ಲಿಗೆ ಹೋದರೆ 'ಹುಚ್ಚಿ' ಎಂದಾರು ಎಂಬ ಅಂಜಿಕೆ ನಮ್ಮ ಮೊಹಲ್ಲಾಗಳಲ್ಲಿ ಇನ್ನೂ ಉಂಟು. ಚಿಕಿತ್ಸೆ ಪಡೆಯಿರೆಂದು ಪ್ರವಾದಿವರ್ಯರು(ಸ) ಆದೇಶಿಸಿದಾಗ ದೇಹದ ರೋಗ, ಮನಸ್ಸಿನ ರೋಗ ಎಂದು ಬೇರೆ ಮಾಡಲಿಲ್ಲ. ಬದುಕೇ ಬೇಡವೆನಿಸಿದರೆ ಹಗಲು ರಾತ್ರಿ ಯಾವಾಗಲೂ 14416ಕ್ಕೆ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಮನೆಯಲ್ಲಿ ಮಾಡಬಹುದಾದುದೂ ಇದೆ. ಗಟ್ಟಿ ಚಹಾ ಕಡಿಮೆ ಮಾಡಿ, ಮಲಗುವ ಹೊತ್ತನ್ನು ಬದಲಿಸದೆ, ಫಜ್ರ್ ಆದ ಮೇಲೆ ಅರ್ಧ ತಾಸು ನಡೆಯಿರಿ. ಮನಸ್ಸು ನೊಂದವರಿಗೆ ಹಝ್ರತ್ ಆಯಿಶಾ(ರ) ತಲ್ಬೀನ, ಅಂದರೆ ಜವೆಗೋಧಿಯ ಗಂಜಿ, ಮಾಡಿಸುತ್ತಿದ್ದರು. ಅದು ಗುಳಿಗೆಗೆ ಬದಲಿಯಲ್ಲ, ನಿಜ. ಆದರೆ ಯಾರೋ ತನಗಾಗಿ ಒಲೆಯ ಮುಂದೆ ನಿಂತಿದ್ದಾರೆಂಬುದು ಸಣ್ಣ ಮಾತೇ?

ಆ ಸಹೋದರಿಯ ಪತಿ ವೈದ್ಯರ ಮಾತು ಕೇಳಿ ಬಂದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಆಕೆಯ ಹಗುರ ದಿನಗಳಿಗೆ ಗುಂಡು ಹಾಕತೊಡಗಿದರು. ಮೊದಲ ತಿಂಗಳು ಆರು. ಮೊನ್ನೆ ಮುಗಿದ ತಿಂಗಳು ಹದಿನಾಲ್ಕು.