*ಇಂದಿನ ಧಮ್ಮ ಚಿಂತನೆ: ಮಾತಾಡದವರ ಮುಂದೆ ಪೊಲೀಸರ ಮಾತು*



ಪೊಲೀಸ್ ಕೆಲಸದಲ್ಲಿರುವ ನಮ್ಮ ಬಳಗದ ತಮ್ಮನೊಬ್ಬ ಕೇಳಿದ: "ಅಣ್ಣಾ, ಎಷ್ಟು ಕೇಳಿದ್ರೂ ಬಾಯಿ ಬಿಡದವರನ್ನ ಮಾತಾಡಿಸೋದು ಹೇಗೆ?"

ನನಗೆ ದೀಘನಿಕಾಯದ ಸಾಮಞ್ಞಫಲ ಸುತ್ತ ನೆನಪಾಯಿತು. ತಂದೆ ಬಿಂಬಿಸಾರನನ್ನು ಕೊಂದ ಅಜಾತಶತ್ರು ಹುಣ್ಣಿಮೆಯ ರಾತ್ರಿ ಜೀವಕನ ಮಾವಿನ ತೋಪಿಗೆ ಬರುತ್ತಾನೆ. 1250 ಭಿಕ್ಕುಗಳಿದ್ದರೂ ಒಂದು ಕೆಮ್ಮಿನ ಸದ್ದೂ ಇಲ್ಲ. ರಾಜನ ರೋಮ ನಿಮಿರುತ್ತದೆ. ಶತ್ರುಗಳಿಗೆ ಹಿಡಿದುಕೊಡುತ್ತಿದ್ದೀಯಾ ಎಂದು ಜೀವಕನನ್ನೇ ಅನುಮಾನಿಸುತ್ತಾನೆ. ಆ ಮೌನದಲ್ಲಿ ಸಂಚಿರಲಿಲ್ಲ. ಭಯವಿದ್ದದ್ದು ಅಧಿಕಾರವಿದ್ದವನ ಮನಸ್ಸಿನಲ್ಲಿ. ಜೀವಕ ಅವನಿಗೆ ಧೈರ್ಯ ಹೇಳಿ, ಉರಿಯುತ್ತಿದ್ದ ದೀಪಗಳನ್ನು ತೋರಿಸಿ, ಮುಂದೆ ಕರೆದ.

ಠಾಣೆಯಲ್ಲೂ ಹೀಗೇ. ಸುಮ್ಮನಿದ್ದವನನ್ನು "ಕೊಬ್ಬು" ಎನ್ನುತ್ತಾರೆ, ಆಮೇಲೆ ಕೈ ಏಳುತ್ತದೆ. ಆದರೆ ನಮ್ಮ ವಸಂತನರಸಾಪುರದ ಕಾರ್ಖಾನೆಗಳಿಗೆ ದುಡಿಯಲು ಬಂದ ಹೊರರಾಜ್ಯದ ಹುಡುಗನಿಗೆ ಕನ್ನಡ ಬಾರದಿರಬಹುದು. ಇನ್ನೊಬ್ಬರಿಗೆ ಕಿವಿ ಕೇಳದಿರಬಹುದು. ಸಾಹೇಬರ ಮುಂದೆ ಬಾಯಿ ತೆರೆದರೆ ಪೆಟ್ಟು ಎಂದು ತಲೆಮಾರುಗಳಿಂದ ಕಲಿತವರು ನಮ್ಮ ಕೇರಿಯಲ್ಲೇ ಇದ್ದಾರೆ.

ಆರೋಪಿಗೆ ಮೌನ ಹಕ್ಕೂ ಹೌದು. ಬಾಬಾಸಾಹೇಬರು ರೂಪಿಸಿದ ಸಂವಿಧಾನದ 20(3)ನೇ ವಿಧಿಯಂತೆ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾವ ಆರೋಪಿಯನ್ನೂ ಬಲವಂತ ಮಾಡುವಂತಿಲ್ಲ. 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಪೆಟ್ಟಿನಿಂದಾಗಲಿ ಔಷಧಿಯಿಂದಾಗಲಿ ಬಾಯಿ ತೆರೆಸುವಂತಿಲ್ಲ.

ಹಾಗಾದರೆ ದಾರಿ? ಅಂಗುತ್ತರ ನಿಕಾಯದಲ್ಲಿ ಭಗವಾನರು ಒಳ್ಳೆಯ ಮಾತಿಗೆ ಐದು ಅಂಗ ಹೇಳಿದ್ದಾರೆ. ಅದನ್ನೇ ಆ ತಮ್ಮನಿಗೆ ಹೀಗೆ ಹೇಳಿದೆ:

1️⃣ *ಕಾಲ:* ಒಂದೇ ಪ್ರಶ್ನೆ ಕೇಳು, ಕಾಯಿ. ಉತ್ತರಕ್ಕೆ ಮೊದಲೇ ಇನ್ನೊಂದು ಕೇಳಬೇಡ.
2️⃣ *ಸತ್ಯ:* ನೀನು ಯಾರು, ಏಕೆ ಕೇಳುತ್ತಿದ್ದೀಯ ಎಂದು ಹೇಳು. "ಹೇಳಿಬಿಡು, ಬಿಟ್ಟುಬಿಡ್ತೀವಿ" ಎಂಬ ಸುಳ್ಳು ಬೇಡ.
3️⃣ *ಮೃದು:* ಅವರನ್ನು ಕೂರಿಸಿ ನೀನೂ ಕೂರು. "ಏಯ್" ಬದಲು "ನೀವು" ಎನ್ನು.
4️⃣ *ಹಿತ:* ನೀರು ಕೊಡು. ಯಾವ ಭಾಷೆ ಎಂದು ತಿಳಿದುಕೋ. ಕಿವಿ ಕೇಳದವರಿಗೆ ಸಂಜ್ಞೆ ಭಾಷೆ ಬಲ್ಲವರನ್ನು ಕರೆಸು.
5️⃣ *ಮೈತ್ರಿ:* ಮೊದಲು ನಿನ್ನ ಉಸಿರು ಗಮನಿಸು. ಸಿಟ್ಟಿದ್ದರೆ ಪ್ರಶ್ನೆ ನಿಲ್ಲಿಸು.

ಇಷ್ಟಾದರೂ ಆರೋಪಿ ಮಾತಾಡದಿದ್ದರೆ "ಉತ್ತರಿಸಲಿಲ್ಲ" ಎಂದೇ ಬರೆದುಕೊಂಡು, ಸಾಕ್ಷ್ಯವನ್ನು ಬೇರೆಡೆ ಹುಡುಕಬೇಕು. ಅದೇ ತನಿಖೆ.

*ಇಂದಿನ ಅಭ್ಯಾಸ:* ನಮಗೂ ಮನೆಯಲ್ಲಿ, ಕೆಲಸದಲ್ಲಿ ಯಾರ ಮೇಲಾದರೂ ಅಧಿಕಾರವಿರುತ್ತದೆ. ಅವರು ಸುಮ್ಮನಾದಾಗ ಐದು ಉಸಿರು ಕಾಯೋಣ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು 🙏